ಮೈಕ್ ಆಫ್ ಆದ ಮೇಲೆ

ನಮ್ಮಕ್ಕನಿಗೆ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ. ಸಭೆಗಳಲ್ಲಿ ಯಾರು ಏನೇ ಮಾತಾಡಲಿ, ಆ ಕ್ಷಣವೇ ಟೈಪ್ ಮಾಡಿ ಪರದೆಯ ಮೇಲೆ ತೋರಿಸುವುದು. ನಾವು ಸೀನುವ ಮೊದಲೇ ಅವಳು ‘ಅಕ್ಷೀ’ ಎಂದು ಟೈಪ್ ಮಾಡಿರುತ್ತಾಳೆ ಎಂದು ತಮ್ಮ ರೇಗಿಸುತ್ತಿದ್ದ. ಈಗ ರೇಗಿಸಲು ಅವನು ಮನೆಯಲ್ಲಿಲ್ಲ.

ಅವನು ವಿಜ್ಞಾನದ ಮೇಷ್ಟ್ರು. ಆಸ್ಪತ್ರೆಯ ನೀರಿನ ಟ್ಯಾಂಕಿನಲ್ಲಿ ಹುಳ ಕಂಡು ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕಿದ. ‘ಮಂತ್ರಿಗಳೂ ಒಂದು ಲೋಟ ಕುಡಿಯಲಿ’ ಎಂದು ಕೆಳಗೆ ಬರೆದ. ಹುಳಗಳು ಟ್ಯಾಂಕಿನಲ್ಲಿ ಹಾಯಾಗಿವೆ, ಇವನು ಎಂಟು ತಿಂಗಳಿಂದ ಜೈಲಿನಲ್ಲಿದ್ದಾನೆ.

ಅಷ್ಟರಲ್ಲಿ ನಮ್ಮೂರಲ್ಲೇ ದೊಡ್ಡ ಸಭೆ. ಇಂಟರ್ನೆಟ್ಟಿನಲ್ಲಿ ಜನ ನಿರ್ಭಯವಾಗಿ ಮಾತಾಡುವುದು ಹೇಗೆಂದು ಚರ್ಚಿಸಲು ನಲವತ್ತು ದೇಶದವರು ಬಂದರಂತೆ! ಟೈಪ್ ಮಾಡಲು ಅಕ್ಕನನ್ನು ಕರೆದರು. ಹೋಗಬೇಡ ಎಂದು ನಾನು ಹಟ ಹಿಡಿದೆ.

“ಯಾರಾದ್ರೂ ಅವನ ವಿಷ್ಯ ಎತ್ತಿದ್ರೆ ನನ್ ಕೈಯಲ್ಲೇ ದಾಖಲಾಗ್ಲಿ ಕಣೆ. ಬೇರೆಯವ್ರು ನುಂಗಿ ನೀರು ಕುಡಿದುಬಿಟ್ಟಾರು,” ಎಂದು ಹೊರಟಳು.

ಆ ಕೆಲಸದ ನಿಯಮವೇನೆಂದರೆ, ಮೈಕಿನಲ್ಲಿ ಬಂದದ್ದಷ್ಟೇ ಮಾತು. ಮೈಕ್ ನಿಂತರೆ ಒಂದು ಗುಂಡಿ ಒತ್ತಬೇಕು, ಪರದೆಯ ಮೇಲೆ ‘ಧ್ವನಿ ಇಲ್ಲ’ ಎಂದು ಬೀಳುತ್ತದೆ. ಅದನ್ನು ಒತ್ತಲು ಅಕ್ಕನ ಕಿರುಬೆರಳಿಗೆ ತಲೆಯ ಅಪ್ಪಣೆ ಬೇಕಿರಲಿಲ್ಲ.

ಮೂರನೆಯ ದಿನ ಹೊರದೇಶದ ವಕೀಲೆಯೊಬ್ಬರು ಎದ್ದು, “ಈ ಊರಿನ ಜೈಲಿನಲ್ಲೇ” ಎಂದು ಶುರು ಮಾಡಿದರು. ಸಮಯ ಮುಗಿಯಿತೆಂದು ಅಧ್ಯಕ್ಷರು ಮೈಕ್ ಆಫ್ ಮಾಡಿಸಿದರು. ಆಕೆ ಬಿಡಲಿಲ್ಲ. ತಮ್ಮನ ಹೆಸರನ್ನು ಗಂಟಲು ಹರಿಯುವಂತೆ ಎರಡು ಸಲ ಕೂಗಿದರು. ಅಕ್ಕ ಕೂತಿದ್ದದ್ದು ಆಕೆಯಿಂದ ಐದೇ ಹೆಜ್ಜೆ ದೂರದಲ್ಲಿ.

ಈ ಸುದ್ದಿ ನಮ್ಮ ವಕೀಲರ ಕಿವಿಗೂ ಬಿತ್ತು. “ಸಭೆ ದಾಖಲೆಯಲ್ಲಿ ಹೆಸ್ರು ಇದ್ರೆ ತನ್ನಿ, ಜಾಮೀನು ಅರ್ಜಿ ಜೊತೆ ಇಡೋಣ. ಹೊರಗಿನವ್ರೂ ನೋಡ್ತಿದಾರೆ ಅಂದ್ರೆ ಕೋರ್ಟು ಸ್ವಲ್ಪ ಯೋಚ್ನೆ ಮಾಡುತ್ತೆ,” ಎಂದರು. ಅಕ್ಕನೇ ಆ ಪುಟ ತಂದು ಊಟದ ಮೇಜಿನ ಮೇಲಿಟ್ಟಳು. ‘ಈ ಊರಿನ ಜೈಲಿನಲ್ಲೇ.’ ‘ಧ್ವನಿ ಇಲ್ಲ.’ ‘ಧ್ವನಿ ಇಲ್ಲ.’ ‘ಧನ್ಯವಾದಗಳು, ಈಗ ಚಹಾ ವಿರಾಮ.’

“ನಿಂಗೆ ಕೇಳಿಸ್ಲಿಲ್ವೇನೆ?”

“ಕೇಳಿಸ್ತು ಕಣೆ. ಎರಡು ಸಲಾನೂ.”

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ಅವಳು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೇಳಿಸಿಕೊಂಡಳು.

ಜಾಮೀನು ಸಿಗಲಿಲ್ಲ. ಆ ಪುಟದಲ್ಲಿ ಹೆಸರಿದ್ದಿದ್ದರೆ ಸಿಗುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು. ಮುಂದಿನ ವರ್ಷದ ಸಭೆಗೂ ಅಕ್ಕನನ್ನೇ ಕರೆದಿದ್ದಾರೆ. ಒಂದೂ ತಪ್ಪಿಲ್ಲದ ಕೆಲಸವಂತೆ.

ಸೋಮವಾರ ಇಬ್ಬರೂ ಜೈಲಿಗೆ ಹೋಗಿದ್ದೆವು. ತಮ್ಮ ಸೊರಗಿದ್ದ. ಕಂಬಿಗೆ ಮುಖವೊತ್ತಿ ಕೇಳಿದ: “ದೊಡ್ಡಕ್ಕಾ, ಅಲ್ಲಿ ಯಾರಾದ್ರೂ ನನ್ ಹೆಸ್ರು ಎತ್ತಿದ್ರಾ?”

ಅಕ್ಕ ಬಾಯಿ ತೆರೆದಳು. ಅವಳ ಮುಖ ನೋಡಲಾಗದೆ ನಾನೇ ನಡುವೆ ಬಾಯಿ ಹಾಕಿದೆ.

“ಇಲ್ಲ ಕಣೋ,” ಎಂದೆ. “ಯಾರೂ ಎತ್ತಲಿಲ್ಲ.”