ಬಲಗಡೆಯ ಮಾನಿಟರಿನಲ್ಲಿ ಅಪ್ಪ ಕಂಡದ್ದು

ದೆವ್ವ ಕಂಡೆ, ಕನಸಿನಲ್ಲಿ ದೇವರು ಬಂದ ಎನ್ನುವವರನ್ನು ಎದುರಿಗೇ ನಕ್ಕು ಕಳಿಸುತ್ತಿದ್ದವನು ನಾನು. ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಸಾಗಿಸುವ ಲಾರಿಯವರು ನನ್ನ ಅಂಗಡಿಯ ಮುಂದೆ ಟೀ ಕುಡಿಯುತ್ತ, ಆ ದಾರಿಯ ಮದ್ದೂರಿನ ಕಾಡಿನ ತಿರುವಿನಲ್ಲಿ ಹೆಂಗಸೊಬ್ಬಳು ಗಾಡಿಗೆ ಕೈ ಅಡ್ಡ ಹಿಡಿಯುತ್ತಾಳೆ ಎಂದು ಹೇಳಿದರೆ, "ಅವ್ಳಿಗ ಸೀಟ್ ಕೊಟ್ರಾ, ಇಲ್ಲ ನಿಲ್ಸ್ಕಂಡೇ ಓದ್ರಾ" ಎಂದು ರೇಗಿಸುತ್ತಿದ್ದೆ. ಹಾಗಾಗಿ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಇಂಥ ಕಥೆಗಳು ರಾತ್ರಿಯಲ್ಲಿ ನಡೆಯುತ್ತವೆ ಎನ್ನುತ್ತಾರೆ. ನನ್ನದು ಹಾಡಹಗಲು, ಮಧ್ಯಾಹ್ನ ಮೂರರ ಸುಮಾರಿಗೆ, ನನ್ನದೇ ಅಂಗಡಿಯಲ್ಲಿ ನಡೆದದ್ದು. ಕತ್ತಲೆಯ ಮೇಲೆ ತಪ್ಪು ಹಾಕುವಂತೆಯೂ ಇಲ್ಲ.

ಅದು 2008ರ ಬೇಸಿಗೆ. ನನ್ನದು ವಿಡಿಯೋ ಮಿಕ್ಸಿಂಗ್ ಕೆಲಸ. ಮುಂದಿನ ಕೋಣೆ ಅಂಗಡಿ, ಹಿಂದೆ ಮನೆ. ಮದುವೆ, ನಾಮಕರಣ, ಗೃಹಪ್ರವೇಶದ ಕ್ಯಾಸೆಟ್ಟುಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಡಿವಿಡಿ ಮಾಡಿ ಕೊಡುತ್ತಿದ್ದೆ. ಮೈಸೂರಿನ ದೊಡ್ಡ ಸ್ಟುಡಿಯೋಗಳಲ್ಲಿ ಇದೇ ಕೆಲಸವನ್ನು ಅಮೆರಿಕದ ಒಂದು ಕಂಪನಿಯ ಕಂಪ್ಯೂಟರಿನಲ್ಲಿ ಮಾಡುವುದನ್ನು ನೋಡಿ ಬಂದಿದ್ದೆ. ಅದರ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಆ ಕಂಪನಿಯ ಪೆಟ್ಟಿಗೆಯಲ್ಲಿ ಮಾತ್ರ ನಡೆಯಬೇಕು ಎಂಬುದು ಅವರ ಕಟ್ಟಳೆ. ಆ ಪೆಟ್ಟಿಗೆ ನನ್ನ ಕೈಗೆಟಕುವಂಥದ್ದಲ್ಲ. ಆದರೆ ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರಿಗೂ ಅದನ್ನು ಹಾಕಬಹುದು ಎಂದು ಇಂಟರ್‌ನೆಟ್ಟಿನಲ್ಲಿ ಬರೆದುಕೊಳ್ಳುತ್ತಿದ್ದ ತಲೆಕೆಟ್ಟವರ ಗುಂಪೊಂದಿತ್ತು. ನಾನೂ ಹೋಗಿ ಆ ಗುಂಪಿಗೆ ಬಿದ್ದೆ.

ಬಿದ್ದ ಮೇಲೆ ಏಳಲಾಗಲಿಲ್ಲ. ಸಿಸ್ಟಮ್ ಏನೋ ಹತ್ತಿತು, ಸದ್ದೂ ಬಂತು. ಗ್ರಾಫಿಕ್ಸ್ ಕಾರ್ಡುಗಳು ಮಾತ್ರ ಜಗ್ಗಲಿಲ್ಲ. ತೆರೆಯ ಮೇಲೆ ಚಿತ್ರ ಬರಬೇಕಾದರೆ ಈ ಕಾರ್ಡು ಕೆಲಸ ಮಾಡಬೇಕು. ಮಿಕ್ಸಿಂಗಿಗೆ ಎರಡು ಮಾನಿಟರ್ ಬೇಕೆಂದು ಎರಡು ಕಾರ್ಡು ಹಾಕಿದ್ದೆ, ಎಡಗಡೆಯ ಮಾನಿಟರಿಗೆ ಒಂದು, ಬಲಗಡೆಯದಕ್ಕೆ ಒಂದು. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಇಲ್ಲದೆ ಶುರು ಮಾಡಿದರೆ ಎಡಗಡೆಯದರಲ್ಲಿ ಮಾತ್ರ ಒರಟು ಚಿತ್ರ ಬರುತ್ತಿತ್ತು. ಡ್ರೈವರ್ ಹಾಕಿದರೆ ಎರಡೂ ಕಪ್ಪು. ಕಾರ್ಡಿನ ಗುರುತಿನ ಅಂಕಿಗಳನ್ನು ಒಂದು ಉದ್ದದ ಸಾಲಾಗಿ ನಾವೇ ಬರೆದು ಸಿಸ್ಟಮ್ಮಿಗೆ ಉಣಿಸಬೇಕು. ಒಂದು ಅಂಕಿ ಆಚೀಚೆಯಾದರೂ ಕಪ್ಪು. ಆಗ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡುವುದು. ಅದರ ದೀಪ ಹತ್ತಿದರೆ ಯಂತ್ರಕ್ಕೆ ಜೀವ ಇದೆ, ಚಿತ್ರ ಮಾತ್ರ ಬರುತ್ತಿಲ್ಲ ಎಂದರ್ಥ. ಐದಾರು ತಿಂಗಳು ನಾನು ಆ ಪುಟ್ಟ ಹಸಿರು ದೀಪವನ್ನೇ ನೋಡಿಕೊಂಡು ಬದುಕಿದೆ.

ಆ ಐದಾರು ತಿಂಗಳಲ್ಲೇ ನಮ್ಮಪ್ಪನ ಕಣ್ಣು ಹೋಯಿತು.

ಅಪ್ಪ ತೆರಕಣಾಂಬಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಬಾಯಲ್ಲಿ ಕೆಂಪು, ನೀಲಿ, ಹಳದಿ ಎಂಬ ಮಾತೇ ಬರುತ್ತಿರಲಿಲ್ಲ. ಕ್ರಿಮ್ಸನ್ ಲೇಕ್, ಪ್ರಶ್ಯನ್ ಬ್ಲೂ, ಗ್ಯಾಂಬೋಜ್ ಎಂದು ಬಣ್ಣದ ಡಬ್ಬಿಯ ಮೇಲಿನ ಹೆಸರನ್ನೇ ಹೇಳಬೇಕು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಅದರಲ್ಲಿ ಕ್ರಿಮ್ಸನ್ ಜಾಸ್ತಿಯಾಗಿದೆ ಎಂದು ಮಾರುವವಳಿಗೆ ಪಾಠ ಮಾಡುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದರು.

ಹಿಂದಿನ ವರ್ಷ ದೀಪಾವಳಿ ಕಳೆದು ಕೆಲವು ದಿನಕ್ಕೆ ಒಂದು ಸಂಜೆ, "ಬಲ್ಬ್ ಸುತ್ತ ಕಾಮನಬಿಲ್ಲು ಕಾಣ್ತದ ಕಣ್ಲಾ. ಒಳಗ ನೀಲಿ, ಹೊರಗ ಕೆಂಪು" ಎಂದರು. ಬಣ್ಣದ ಹೆಸರನ್ನು ಅವರು ಅಷ್ಟು ಸಾದಾ ಹೇಳಿದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಬೇಕಿತ್ತು. ನಾನು ಕೀಬೋರ್ಡಿನಿಂದ ತಲೆಯೆತ್ತದೆ, ಡ್ರಾಯಿಂಗ್ ಮೇಷ್ಟ್ರಿಗೆ ಕಾಮನಬಿಲ್ಲು ಕಾಣದೆ ಇನ್ನಾರಿಗೆ ಕಾಣುತ್ತದೆ ಎಂದು ತಮಾಷೆ ಮಾಡಿದೆ. ಆಮೇಲೆ ತಲೆನೋವು ಎಂದರು. ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡರು. ನನ್ನ ಹೆಂಡತಿ ಸುಧಾ ಎರಡು ಸಲ, "ಮಾವನ್ನ ಒಂದ್ಸಲ ತೋರಿಸ್ಕೊಂಡು ಬನ್ನಿ ಅಂದ್ರ" ಎಂದು ಹೇಳಿದಳು. ಇದೊಂದು ಕಾರ್ಡು ನಡೆಯಲಿ, ಆಮೇಲೆ ಹೋಗುತ್ತೇನೆ ಎಂದೆ. ಶಿವರಾತ್ರಿಯ ಹೊತ್ತಿಗೆ ಚಾಮರಾಜನಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನೊಳಗೆ ಒತ್ತಡ ಏರಿ ಹಿಂದಿನ ನರ ಸತ್ತುಹೋಗಿದೆ, ಎರಡು ಮೂರು ತಿಂಗಳು ಮುಂಚೆ ಬಂದಿದ್ದರೆ ಉಳಿಸಬಹುದಿತ್ತು ಎಂದು ಅವರು ಅಪ್ಪನ ಎದುರಿಗೇ ಹೇಳಿದರು. ಯುಗಾದಿ ಕಳೆಯುವಷ್ಟರಲ್ಲಿ ಇದ್ದ ಒಂದಿಷ್ಟು ಬೆಳಕೂ ಹೋಯಿತು.

ಅಪ್ಪ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದು, ನನ್ನ ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಬಂತಾ ಚಿತ್ರ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ "ಬತ್ತದ ಬುಡು" ಎನ್ನುತ್ತಿದ್ದರು. ಈ ಯಂತ್ರದ ಹುಚ್ಚಿನಲ್ಲಿ ಅಪ್ಪನ ಕಣ್ಣು ಕಳೆದಿದ್ದೆ. ಇನ್ನು ಯಂತ್ರವೂ ನಡೆಯದೇ ಹೋದರೆ ಅವರ ಕಣ್ಣು ಯಾವುದಕ್ಕೂ ಅಲ್ಲದೆ ಹೋದಂತೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಇದು ಸರಿಯಾದ ಲೆಕ್ಕವಲ್ಲ ಎಂದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಅವತ್ತು ಭಾನುವಾರ. ಷಟರ್ ಅರ್ಧ ಎಳೆದಿದ್ದೆ. ನಾಲ್ಕಕ್ಕೆ ಕರೆಂಟು ಹೋಗುವುದು ಖಂಡಿತ, ನನ್ನ ಯುಪಿಎಸ್ ಐದು ನಿಮಿಷವೂ ತಾಳುತ್ತಿರಲಿಲ್ಲ. ಬೆಳಿಗ್ಗೆಯಿಂದ ಹತ್ತು ಹನ್ನೆರಡು ಸಲ ಅಂಕಿ ತಿದ್ದಿ ತಿದ್ದಿ ಶುರು ಮಾಡಿದ್ದೆ. ಪ್ರತಿ ಸಲವೂ ಫ್ಯಾನು ಗುಂಯ್ ಎನ್ನುವುದು, ತೆರೆ ಕಪ್ಪಾಗುವುದು, ಹಸಿರು ದೀಪ ಹತ್ತುವುದು. ಊಟಕ್ಕೂ ಏಳಲಿಲ್ಲ. ಕಾರ್ಡು ಮುಟ್ಟಿದರೆ ಬೆರಳು ಸುಡುತ್ತಿತ್ತು. ಇನ್ನೊಂದು ಸಲ ಹೀಗೆ ಮಾಡಿದರೆ ಸುಟ್ಟೇ ಹೋಗುತ್ತದೇನೋ ಎಂಬ ಭಯ. ಕೊನೆಯ ಸಲ ಎಂದುಕೊಂಡು ಡ್ರೈವರಿನ ಇನ್ನೊಂದು ಫೈಲನ್ನೂ ಅವಸರದಲ್ಲಿ ಅದರ ಜಾಗಕ್ಕೆ ಹಾಕಿ ಶುರು ಮಾಡಿದೆ. ಎರಡೂ ಮಾನಿಟರ್ ಕಪ್ಪು. ನಾನು ಸುಮ್ಮನೆ ತಲೆ ಹಿಡಿದುಕೊಂಡು ಕೂತೆ.

"ಬಂತಲ್ಲಪ್ಪ" ಎಂದರು ಅಪ್ಪ ಹಿಂದಿನಿಂದ.

ಅವರು ತಮ್ಮ ಪಾಡಿಗೆ ಹೇಳುತ್ತ ಹೋದರು. "ಬಲಗಡೇದ್ರಲ್ಲಿ ಬಂತು. ಪ್ರಶ್ಯನ್ ಬ್ಲೂಗ ಕ್ರಿಮ್ಸನ್ ಜಾಸ್ತಿ ಬುಟ್ಟವ್ರ. ನಡೂಗ ಒಂದ್ ಬೂದಿ ಬಣ್ಣದ ಚೌಕ. ಅದ್ರೊಳಗ ಎಡಗಡ ಒಂದ್ ತ್ರಿಕೋನ, ಗ್ಯಾಂಬೋಜು. ಅದೇನ್ಲಾ ಅದು?"

ಬಲಗಡೆಯ ಮಾನಿಟರಿನಲ್ಲಿ ನನ್ನ ಮುಖದ ನೆರಳು ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನನ್ನು ಸಮಾಧಾನ ಮಾಡಲು ಅಪ್ಪ ನಾಟಕ ಆಡುತ್ತಿದ್ದಾರೆ ಎಂದುಕೊಂಡೆ. ಪಿತ್ತ ನೆತ್ತಿಗೇರಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು, "ನಿಮ್ಗ ಏನ್ ಕಂಡದು ಅಪ್ಪಾಜಿ? ಕಣ್ಣು ಕಾಣ್ದೋರು ಸುಮ್ನ ಒಂದ್ ಕಡ ಕೂತ್ಕಬಾರ್ದಾ?" ಎಂದುಬಿಟ್ಟೆ.

ನಾಲಿಗೆ ಸೀಳಿಹೋಗಬಾರದಿತ್ತೇ ಎಂದು ಈಗಲೂ ಅಂದುಕೊಳ್ಳುತ್ತೇನೆ. ಅಪ್ಪ ಕೈಗಳೆರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಒಳಗೆ ಹುರುಳಿ ಆರಿಸುತ್ತಿದ್ದ ಸುಧಾ ಬಾಗಿಲಿಗೆ ಬಂದು ನನ್ನನ್ನು ಒಂದು ಸಲ ನೋಡಿ, "ಬನ್ನಿ ಮಾವ, ಕಾಫಿ ಮಾಡ್ತೀನಿ" ಎಂದು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ನನಗೆ ಯಾರಿಗೂ ಮುಖ ತೋರಿಸಲಾಗಲಿಲ್ಲ. ಏನೋ ಕೆಲಸ ಇರುವವನಂತೆ ಕಂಪ್ಯೂಟರಿನ ಪೆಟ್ಟಿಗೆಯ ಹಿಂದೆ ಹೋಗಿ ನೆಲದ ಮೇಲೆ ಕೂತೆ. ಕಣ್ಣೆದುರಿಗೆ ಕಾರ್ಡುಗಳ ಹಿಂಭಾಗ. ಒಂದೊಂದು ಕಾರ್ಡಿಗೂ ಎರಡೆರಡು ಕಿಂಡಿ ಇತ್ತು. ಒಂದರಲ್ಲಿ ಮಾನಿಟರಿನ ಕೇಬಲ್ಲು, ಇನ್ನೊಂದು ಖಾಲಿ. ಅಷ್ಟು ತಿಂಗಳಲ್ಲಿ ಆ ಖಾಲಿ ಕಿಂಡಿಯ ಕಡೆ ನನ್ನ ಗಮನ ಹೋಗಿರಲಿಲ್ಲ. ಅಪ್ಪ ಬಲಗಡೆ ಎಂದದ್ದು ಕಿವಿಯಲ್ಲೇ ಇತ್ತು. ಬಲಗಡೆಯ ಮಾನಿಟರಿನ ಕೇಬಲ್ಲನ್ನು ಕಿತ್ತು ಪಕ್ಕದ ಕಿಂಡಿಗೆ ಚುಚ್ಚಿದೆ.

ಮಾನಿಟರ್ ಟಕ್ ಎಂದಿತು. ಎದುರುಗೋಡೆಯ ಮೇಲೆ ನೇರಳೆ ಬೆಳಕು ಬಿತ್ತು.

ಎದ್ದು ಮುಂದೆ ಬಂದು ನೋಡಿದೆ. ಇಡೀ ತೆರೆ ನೇರಳೆ, ಆ ಸಿಸ್ಟಮ್ ಶುರುವಾದಾಗ ಬರುವ ಮಾಮೂಲು ಬಣ್ಣ. ನಡುವೆ ಬೂದು ಬಣ್ಣದ ಒಂದು ಚೌಕ. ಅದರೊಳಗೆ ಎಡಕ್ಕೆ ಹಳದಿ ತ್ರಿಕೋನ. ಅವಸರದಲ್ಲಿ ಹಾಕಿದ್ದ ಆ ಫೈಲು ಸರಿಯಾಗಿ ಕೂತಿಲ್ಲ ಎಂಬ ಎಚ್ಚರಿಕೆ ಅದು. ಅವತ್ತು, ಆ ಒಂದು ಸಲಕ್ಕೆ ಮಾತ್ರ ಬಂದದ್ದು. ಅದಕ್ಕೆ ಮುಂಚೆ ಅಂಥ ಚೌಕವನ್ನು ನಾನೇ ಕಂಡಿರಲಿಲ್ಲ. ಚಿತ್ರ ಆಗಲೇ ತಯಾರಾಗಿ, ಕೇಬಲ್ಲೇ ಇಲ್ಲದ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಅದನ್ನು ತೋರಿಸಲು ಅಲ್ಲಿ ಒಂದು ಮಾನಿಟರೂ ಇರಲಿಲ್ಲ. ಆರು ತಿಂಗಳು ಕಾದಿದ್ದ ಚಿತ್ರ ಎದುರಿಗಿದ್ದರೂ ನನಗೆ ಸಂತೋಷವಾಗಲಿಲ್ಲ.

ಅಡುಗೆಮನೆಗೆ ಓಡಿದೆ. ಅಪ್ಪ ಮಣೆಯ ಮೇಲೆ ಕೂತು ಕಾಫಿ ಲೋಟ ಹಿಡಿದುಕೊಂಡಿದ್ದರು. ಅವರ ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಮಿಟುಕಲಿಲ್ಲ. ಕೈ ಹಿಡಿದು ಅಂಗಡಿಗೆ ತಂದು ಬಲಗಡೆಯ ಮಾನಿಟರಿನ ಮುಂದೆ ನಿಲ್ಲಿಸಿ, ಏನು ಕಾಣುತ್ತದೆ ಎಂದು ಕೇಳಿದೆ. ಒಂದು ಸಲ, ಎರಡು ಸಲ, ಮೂರು ಸಲ ಕೇಳಿದೆ. "ಈಗ ಏನೂ ಇಲ್ಲ ಕಣಪ್ಪ" ಎಂದರು. ನಾಲ್ಕಕ್ಕೆ ಕರೆಂಟು ಹೋಯಿತು, ಯುಪಿಎಸ್ ಕಿರುಚಿಕೊಂಡಿತು, ತೆರೆಯೂ ಆರಿತು.

ಅವರಲ್ಲಿ ಇನ್ನೂ ಎಲ್ಲೋ ಒಂದು ಎಳೆ ನೋಟ ಉಳಿದಿದೆ ಎಂಬ ಆಸೆ ನನ್ನನ್ನು ಹಿಡಿದುಕೊಂಡಿತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ನಾನು ಮನೆದೇವರಿಗೆ ಹರಕೆ ಹೊತ್ತೆ. ಹರಕೆ ಹೊರುವವರನ್ನೂ ನಾನು ಅಲ್ಲಿಯವರೆಗೆ ಗೇಲಿ ಮಾಡಿಕೊಂಡೇ ಬಂದವನು.

ಡಾಕ್ಟರು ಸಮಾಧಾನದಿಂದಲೇ ನೋಡಿದರು. ಕೋಣೆಯ ದೀಪ ಆರಿಸಿ ಕಣ್ಣಿಗೆ ನೇರವಾಗಿ ಟಾರ್ಚು ಬಿಟ್ಟು, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದರು. ಅಪ್ಪ ತಡವರಿಸಿ, ದೀಪ ಹಾಕಿದ್ದೀರಾ ಎಂದು ಅವರನ್ನೇ ಕೇಳಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಮುಂದ್ಗಡೆ ಕಣ್ಣು ಏನೋ ಇದೆ, ಒಳಕ್ಕೆ ಸುದ್ದಿ ಹೋಗೋ ದಾರಿನೇ ಇಲ್ಲ. ಬೆಳಕೂ ಗೊತ್ತಾಗ್ತಿಲ್ಲ ಅವರಿಗೆ. ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ಹೀಗೆ ಆಸೆ ಹುಟ್ಟಿಸಬೇಡಿ" ಎಂದರು. ಮಾನಿಟರಿನ ಕಥೆ ಹೇಳಿದೆ. ಕಣ್ಣು ಹೋದವರಿಗೆ ಮೆದುಳು ತಾನೇ ಚಿತ್ರ ಕಟ್ಟಿ ತೋರಿಸುವುದುಂಟು, ಅದು ಹುಚ್ಚಲ್ಲ, ಹೆದರಬೇಡಿ ಎಂದರು. ಆ ಚಿತ್ರವೇ ನಿಜವಾಗಿ ಅಲ್ಲಿತ್ತಲ್ಲ ಎಂದೆ. ಅವರು ನನ್ನ ಬೆನ್ನು ತಟ್ಟಿ ಮುಂದಿನವರನ್ನು ಕರೆದರು.

ವಾಪಸ್ ಬರುವಾಗ ಬಸ್ಸು ತೆರಕಣಾಂಬಿ ದಾಟಿತು. ಅಪ್ಪ ಮೂವತ್ತು ವರ್ಷ ಓಡಾಡಿದ ಊರು. ಕಿಟಕಿಯ ಕಡೆ ಕೂತಿದ್ದರು. ನಾನು ತಡೆಯಲಾರದೆ, ನಿನ್ನೆ ನಿಮಗೆ ನಿಜವಾಗಿ ಕಂಡಿತಾ ಎಂದು ಮೆಲ್ಲಗೆ ಕೇಳಿದೆ. ಅವರು ಹೇಳಿದರು.

"ಚೆಂದಾಗಿ ಕಂಡ್ತು. ಇನ್ನೂ ವಸಿ ಒತ್ತು ಇರ್ತಿತ್ತೇನೋ. ನೀನು ಬೈದಲ್ಲಪ್ಪ, ಆಗ ಆರೋಯ್ತು."

ಬೇಜಾರಿನಿಂದ ಹೇಳಿದ ಮಾತಲ್ಲ ಅದು. ಕೇಳಿದ್ದಕ್ಕೆ ಉತ್ತರ ಹೇಳಿದರು, ಅಷ್ಟೆ. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಗುಂಡ್ಲುಪೇಟೆ ಬರುವವರೆಗೂ ಅತ್ತೆ. ಅತ್ತದ್ದು ಅವರಿಗೆ ಗೊತ್ತಾಗಿರಬೇಕು, ನನ್ನ ಮೊಣಕಾಲ ಮೇಲೆ ಕೈ ಇಟ್ಟಿದ್ದರು.

ಆಮೇಲೆ ಅಪ್ಪ ನಾಲ್ಕು ವರ್ಷ ಬದುಕಿದ್ದರು. ಮತ್ತೆ ಅವರಿಗೆ ಏನೂ ಕಾಣಲಿಲ್ಲ, ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಆ ಕಾರ್ಡುಗಳಲ್ಲಿ ನಾನು ಎಷ್ಟೋ ಜನರ ಮದುವೆ ಕತ್ತರಿಸಿ ಕೊಟ್ಟೆ. ಗೊತ್ತಿರುವವರನ್ನೆಲ್ಲ ಕೇಳಿ ನೋಡಿದ್ದೇನೆ. ಆ ನೇರಳೆ ಬಣ್ಣದ ವಿಷಯ ನೀನೇ ಯಾವಾಗಲೋ ಬಾಯಿಬಿಟ್ಟಿರುತ್ತೀಯ ಎನ್ನುತ್ತಾರೆ. ಬಿಟ್ಟಿರಲೂಬಹುದು. ಹಳದಿ ತ್ರಿಕೋನವನ್ನು ಯಾರು ಹೇಳಿದ್ದರು ಎಂದರೆ ಕಾಕತಾಳೀಯ ಎನ್ನುತ್ತಾರೆ. ನನ್ನ ನೆನಪೇ ಮೋಸ ಮಾಡುತ್ತಿದೆ ಎಂದವರೂ ಇದ್ದಾರೆ. ಸುಧಾ ಬಾಗಿಲ ಹಿಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಅವಳ ನೆನಪೂ ಹೀಗೇ ಇದೆ. ನಾನು ಯಾರ ಜೊತೆಗೂ ವಾದ ಮಾಡುವುದಿಲ್ಲ. ನನ್ನನ್ನು ಕಾಡುವುದು ಅವರಿಗೆ ಹೇಗೆ ಕಂಡಿತು ಎಂಬುದೂ ಅಲ್ಲ. ಅವತ್ತು ಬೈಯದೆ, ಇನ್ನೇನು ಕಾಣ್ತದ ಅಪ್ಪಾಜಿ ಎಂದು ಕೇಳಿದ್ದರೆ ಅವರು ಏನು ಹೇಳುತ್ತಿದ್ದರು ಎಂಬುದು ನನಗೆ ಗೊತ್ತಿಲ್ಲ.