ಹೊಳೆಗೆ ಎಸೆದ ಮೇಣದ ತುಂಡು

ಆಸ್ಪತ್ರೆಯವರು ಜೋಪಾನವಾಗಿ ಇಟ್ಟುಕೊಳ್ಳಿ ಅಂತ ಕೊಟ್ಟದ್ದನ್ನು ನೀವೂ ಎಲ್ಲಿಯಾದರೂ ಬಿಸಾಕಿದ್ದೀರಾ? ನಾನು ಬಿಸಾಕಿದ್ದೇನೆ. ಅದೂ ನನ್ನ ಕೈಯಾರೆ, ಕೃಷ್ಣಾ ಹೊಳೆಗೆ.

ಒಂಬತ್ತು ವರ್ಷದ ಹಿಂದೆ ಮಿರಜದಲ್ಲಿ ನಮ್ಮ ಅಕ್ಕನ ಎದೆಯ ಕ್ಯಾನ್ಸರ್ ಗಂಟಿನ ಆಪರೇಷನ್ ಆಯಿತು. ಬಿಡುಗಡೆಯ ದಿನ ಲ್ಯಾಬಿನವನು ರಿಪೋರ್ಟಿನ ಜೊತೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಡಬ್ಬಿ ಕೊಟ್ಟ. ಒಳಗೆ ಬಿಳಿ ಮೇಣ, ಮೇಣದೊಳಗೆ ಗಂಟಿನ ಚೂರು. ಇದಕ್ಕೆ ಬ್ಲಾಕ್ ಅನ್ನುತ್ತಾರೆ. 'ಜಪೂನ್ ಠೇವಾ' ಅಂದ. ಜೋಪಾನವಾಗಿಡಿ ಅಂತ. ಅಥಣಿ ಕಡೆಯವರಿಗೆ ಮರಾಠಿ ತಿಳಿಯದೇ? ತಿಳಿಯಿತು. ಯಾಕೆ ಇಡಬೇಕು ಅಂತ ಮಾತ್ರ ನಾನು ಕೇಳಲಿಲ್ಲ.

ಅಕ್ಕ ಚೇತರಿಸಿಕೊಳ್ಳಲು ಅಥಣಿ ಹತ್ತಿರದ ಅನಂತಪುರದ ನಮ್ಮ ಮನೆಯಲ್ಲೇ ಇದ್ದಳು. ಡಬ್ಬಿಯನ್ನು ಹೊಲದ ಉತಾರದ ಕಾಗದಪತ್ರಗಳಿದ್ದ ಟ್ರಂಕಿನಲ್ಲಿ ಇಟ್ಟಿದ್ದೆ. ಅವ್ವನ ಕಣ್ಣಿಗೆ ಬಿತ್ತು.

"ಏನೋ ಇದು?"

"ಅಕ್ಕನ ಗಂಟು, ಅವ್ವಾ. ಮೇಣದಾಗ ಹಾಕಿ ಕೊಟ್ಟಾರ."

"ಅಯ್ಯ ನಿನ್ನ! ಕೊಯ್ದು ಹೊರಗ ತಗದ ಬ್ಯಾನಿ ನೀ ಮತ್ತ ಮನ್ಯಾಗ ತಂದ ಇಟ್ಟಿಯಲ್ಲೋ!"

ಹಾಸಿಗೆಯ ಮೇಲಿಂದ ಅಕ್ಕ ನಕ್ಕಳು. "ಅದನ್ನೇನ್ ಉಪ್ಪಿನಕಾಯಿ ಹಾಕ್ತಿಯೇನೋ ತಮ್ಮಾ? ಹೊಳಿಗೆ ಒಗದ ಬಾ ಹೋಗ."

ನಮ್ಮಲ್ಲಿ ಕಾಯಿಲೆ ಬಿದ್ದು ಎದ್ದವರ ಹಳೆ ಬಟ್ಟೆಬರೆಯನ್ನು ಅಮಾವಾಸ್ಯೆಯ ದಿನ ನಿವಾಳಿಸಿ ಹೊಳೆಗೆ ಬಿಡುತ್ತೇವೆ. ಅವ್ವ ಅಕ್ಕನ ಸೀರೆ, ನಿಂಬೆಹಣ್ಣು, ಒಣಮೆಣಸಿನಕಾಯಿಯ ಗಂಟಿನೊಳಗೆ ಆ ಡಬ್ಬಿಯನ್ನೂ ಸೇರಿಸಿದಳು. ನಾನು ಬೈಕ್ ಹತ್ತಿ ಹೋಗಿ ಸೇತುವೆಯ ಮೇಲಿಂದ ಎಸೆದು, ಹಿಂದಿರುಗಿ ನೋಡದೆ ಬಂದೆ. ಹಿಂದಿರುಗಿ ನೋಡಬಾರದು ಅನ್ನುವುದೂ ಪದ್ಧತಿಯೇ.

ನಾಲ್ಕು ವರ್ಷದ ಮೇಲೆ ಬೇನೆ ಮರಳಿ ಬಂತು. ಅಕ್ಕ ಉಳಿಯಲಿಲ್ಲ.

ಅವಳಿಗೆ ಒಬ್ಬಳೇ ಮಗಳು. ಚಿಕ್ಕೋಡಿಯಲ್ಲಿ ಶಾಲೆಯ ಮಾಸ್ತರಿಣಿ. ಹೋದ ವರ್ಷ ಅವಳು, "ಮಾಮಾ, ನನಗೂ ಬರ್ತೈತೇನು ಅನ್ನೂದ ತಿಳ್ಕೋಬೇಕು" ಅಂದಳು. ಬೆಳಗಾವಿಗೆ ಕರೆದುಕೊಂಡು ಹೋದೆ. ಇಂಥ ಬೇನೆ ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತದಂತೆ; ಅದನ್ನು ಜೀನ್ ಪರೀಕ್ಷೆಯಲ್ಲಿ ಹಿಡಿಯುತ್ತಾರಂತೆ. ಮಗಳ ರಕ್ತದಲ್ಲಿ ಏನೂ ಸಿಗಲಿಲ್ಲ. ನಾನು ಪೇಢೆ ತರಲು ಎದ್ದೇ ಬಿಟ್ಟಿದ್ದೆ.

"ಕುಂದರ್ರಿ," ಅಂದರು ಡಾಕ್ಟರಮ್ಮ. "ಇವರ ತಾಯಿಗೆ ಯಾವ ಜೀನಿನ ದೋಷದಿಂದ ಬಂದಿತ್ತು ಅನ್ನೂದ ಗೊತ್ತಿಲ್ದ, ಇವರಿಗೆ ಅದು ಇಳಿದಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ? ತಾಯಿದು ಬ್ಲಾಕ್ ಐತೇನ್ರಿ? ಈಗಿನ ಲ್ಯಾಬಿನ್ಯಾಗ ಹತ್ತ ವರ್ಷದ ಹಳೇ ಮೇಣದಾಗಿಂದೂ ಜೀನ್ ಓದಿ ನೋಡ್ತಾರ."

ಮಗಳು ನನ್ನ ಮುಖ ನೋಡುತ್ತಿದ್ದಳು. "ಐತೇನು, ಮಾಮಾ?"

ಹೇಳಿದೆ. ಸೇತುವೆ, ಗಂಟು, ಅಮಾವಾಸ್ಯೆ ಎಲ್ಲ. ಮಿರಜಕ್ಕೂ ಹೋಗಿ ಕೇಳಿದೆ. ಇದ್ದದ್ದು ಒಂದೇ ಬ್ಲಾಕ್, ಅದನ್ನು ನಿಮಗೇ ಕೊಟ್ಟಿದ್ದೇವೆ ಅಂದರು. ರಿಜಿಸ್ಟರಿನಲ್ಲಿ ನನ್ನದೇ ಸಹಿ.

"ಆವಾಗ ಯಾರಿಗೆ ಗೊತ್ತಿತ್ತು, ಬಿಡ ಮಾಮಾ," ಅನ್ನುತ್ತಾಳೆ ಅವಳು. ಅವಳ ದೊಡ್ಡ ಮನಸ್ಸು ಅದು. ಲ್ಯಾಬಿನವನಿಗೆ ಗೊತ್ತಿತ್ತಲ್ಲ? ಅವ್ವನನ್ನು ನಾನು ಬೈಯುವುದಿಲ್ಲ, ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ನನಗೆ ಹೇಳಿದ್ದರು. ಈಗ ಅಕ್ಕನ ಮಗಳು ವರ್ಷವರ್ಷವೂ ಸ್ಕ್ಯಾನಿಂಗಿಗೆ ಹೋಗುತ್ತಾಳೆ. ರಿಪೋರ್ಟ್ ಬರುವ ತನಕ ಊಟ ಸೇರುವುದಿಲ್ಲ, ಅವಳಿಗೂ, ನನಗೂ.

ನಿಮ್ಮ ಮನೆಯಲ್ಲಿ ಅಂಥ ಡಬ್ಬಿ ಇದ್ದರೆ ಎತ್ತಿಡಿ. ಬ್ಲಾಕ್ ಕಳೆದುಕೊಂಡೂ ಬೇರೆ ದಾರಿಯಿಂದ ಉತ್ತರ ಪಡೆದವರು ಯಾರಾದರೂ ಇದ್ದರೆ, ಏನು ಮಾಡಿದಿರಿ ಅಂತ ಕೆಳಗೆ ಬರೆಯಿರಿ. ನನ್ನ ಹಾಗೆ ಬಿಸಾಕಿದವರೂ ನಾಚಿಕೊಳ್ಳದೆ ಬರೆಯಿರಿ. ಒಂದೂ ಬಿಡದೆ ಓದಿ ಅವಳಿಗೆ ತೋರಿಸುತ್ತೇನೆ.