ನೆಟ್ಟಗೆ ನಿಂತ ಡ್ರಮ್ಮುಗಳು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮುಖ್ಯರಸ್ತೆಯ ಒಂದು ಬದಿಗೆ ಹಗ್ಗ ಕಟ್ಟಿ, ಡಾಂಬರು ಕಾಯಿಸುವ ಬಾಯ್ಲರ್ ಹಚ್ಚಿದ್ದಾರೆ. ಪಕ್ಕದಲ್ಲಿ ನಿಂತ ಐವತ್ತರ ಹೆಂಗಸು ಉದ್ದನೆಯ ಥರ್ಮಾಮೀಟರನ್ನು ಒಳಗಿಳಿಸಿ, ಎತ್ತಿ, ಟಾರ್ಚ್ ಬೆಳಕಿನಲ್ಲಿ ಓದುತ್ತಾರೆ. ನೂರೈವತ್ತೆಂಟು ಡಿಗ್ರಿ. “ಹೊಗೆ ಬರೋ ಕಡೆನೇ ನಿಂತಿದೀರಲ್ಲ, ಈ ಕಡೆ ಬನ್ನಿ!” ಎಂದು ನನ್ನನ್ನು ಗದರುತ್ತಾರೆ. ಪತ್ರಿಕೆಯವನೆಂಬ ನನ್ನ ಮರ್ಯಾದೆ ಅಲ್ಲಿಗೆ ಮುಗಿಯುತ್ತದೆ.

ಜೊತೆಯವರು ಈಕೆಯನ್ನು ಕರೆಯುವುದು ತಡಿಯಕ್ಕ ಎಂದು. ಯಾರು ಏನೇ ಅವಸರ ಮಾಡಿದರೂ ಮೊದಲು “ತಡಿ” ಎನ್ನುವ ಅಭ್ಯಾಸ. ಇವತ್ತೂ ಅದನ್ನೇ ಹೇಳಿದ್ದಾರೆ, ಮೇಸ್ತ್ರಿಯ ಪಿತ್ತ ನೆತ್ತಿಗೇರಿದೆ.

ಸಂಗತಿ ಇಷ್ಟು. ನಿನ್ನೆ ಲಾರಿಯಿಂದ ಇಳಿಸಿದ ಡಾಂಬರಿನ ಡ್ರಮ್ಮುಗಳನ್ನು ಅಡ್ಡ ಮಲಗಿಸಬೇಕಿತ್ತು, ಯಾರೋ ನೆಟ್ಟಗೆ ನಿಲ್ಲಿಸಿ ಹೋಗಿದ್ದಾರೆ. ಆಮೇಲೆ ಮಳೆ ಬಂದಿದೆ. ನಿಂತ ಡ್ರಮ್ಮಿನ ಮುಚ್ಚಳದ ಸಂದಿಯಿಂದ ನೀರು ಒಳಗಿಳಿಯುತ್ತದೆ. ಆ ನೀರು ಕಾದ ಡಾಂಬರಿಗೆ ಬಿದ್ದರೆ ಕ್ಷಣದಲ್ಲಿ ಆವಿಯಾಗಿ, ಬಾಯ್ಲರ್ ನೊರೆಯೆದ್ದು ಉಕ್ಕುತ್ತದೆ. ಕೆಳಗೆ ಬೆಂಕಿ, ಸುತ್ತ ಹನ್ನೊಂದು ಜನ. ಬಗ್ಗಿಸಿ ನೋಡಲು ಅರ್ಧ ಗಂಟೆ ಬೇಕು. ಎಂಟಕ್ಕೆ ರಸ್ತೆ ಬಿಟ್ಟುಕೊಡಬೇಕು.

“ಮುಚ್ಚಳ ಹಾಕಿದೆಯಲ್ಲಕ್ಕ, ನೀರು ಹೆಂಗೆ ಹೋಗುತ್ತೆ? ಸುಮ್ನೆ ತಲೆ ತಿನ್ಬೇಡ,” ಎನ್ನುತ್ತಾನೆ ಮೇಸ್ತ್ರಿ.

“ಬಗ್ಗಿಸಿ ನೋಡೋಣ. ನೀರಿಲ್ದಿದ್ರೆ ನಾಲ್ಕು ಬೈರಿ, ಕೇಳ್ಕೋತೀನಿ.”

“ಬೈಯೋದಿಲ್ಲ. ನಾಳೆಯಿಂದ ಬರ್ಬೇಡ ಅಂತೀನಿ, ಅಷ್ಟೆ.”

ತಡಿಯಕ್ಕ ಬಾಯ್ಲರಿಗೂ ಡ್ರಮ್ಮಿಗೂ ನಡುವೆ ಹೋಗಿ ನಿಲ್ಲುತ್ತಾರೆ. ಮನೆ ನಡೆಯುವುದು ಈ ಕೆಲಸವೊಂದರಿಂದಲೇ ಎಂಬುದು ಅಲ್ಲಿರುವ ಎಲ್ಲರಿಗೂ ಗೊತ್ತು.

ಹತ್ತೊಂಬತ್ತು ವರ್ಷದ ಹಿಂದೆ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಈಕೆಯ ಗಂಡ. ಈಕೆ ಜಲ್ಲಿ ಹೊರುತ್ತಿದ್ದರು. ಒಂದು ದಿನ ಡಾಂಬರು ಉಕ್ಕಿ ಗಂಡನ ಬಲಗೈ ಮೇಲೆ ಬಿತ್ತು. “ಅವ್ರು ಕೂಗ್ತಾ ಇದ್ರು. ನಾನು ಸೀಮೆಎಣ್ಣೆ ಹಚ್ಚಿ ಡಾಂಬರು ಕಿತ್ತೆ. ಚರ್ಮಾನೂ ಜೊತೇಲೇ ಬಂತು,” ಎನ್ನುತ್ತಾರೆ. “ತಣ್ಣೀರು ಸುರೀತಾ ಇರ್ಬೇಕು, ಅಂಟಿದ್ದನ್ನ ಕೀಳ್ಬಾರ್ದು, ಅದು ಆಸ್ಪತ್ರೆ ಕೆಲ್ಸ ಅಂತ ಡಾಕ್ಟ್ರು ಆಮೇಲೆ ಹೇಳಿದ್ರು. ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು ನಾನು.” ಆ ಕೈಯ ಬೆರಳುಗಳು ಇವತ್ತಿಗೂ ಮಡಚುವುದಿಲ್ಲ. ಗಂಡ ಈಗ ಮನೆಯಲ್ಲಿದ್ದು ಎಡಗೈಯಲ್ಲೇ ಅಡುಗೆ ಮಾಡುತ್ತಾರೆ. ಉಪ್ಪು ಜಾಸ್ತಿ ಹಾಕುತ್ತಾರೆಂದು ಈಕೆಯ ದೂರು.

ಅಂದಿನಿಂದ ಬಾಯ್ಲರ್ ಈಕೆಯದು. ದಿನಕ್ಕೆ ಹತ್ತು ಡ್ರಮ್ಮು, ಕಾಲುಗಂಟೆಗೊಮ್ಮೆ ಥರ್ಮಾಮೀಟರು. ನೂರ ಅರವತ್ತೈದು ದಾಟಿದರೆ ಬೆಂಕಿ ತಗ್ಗಲೇಬೇಕು. ಕೈಗವಸು, ತುಂಬುತೋಳಿನ ಅಂಗಿ ಇಲ್ಲದವರು ಹತ್ತಿರ ಸುಳಿಯುವಂತಿಲ್ಲ. ಶುದ್ಧ ನೀರಿನ ಪೀಪಾಯಿ ಎರಡು ಸದಾ ತುಂಬಿರಬೇಕು, ಅದರಲ್ಲಿ ಮುಖ ತೊಳೆದವನ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಕೈಗಂಟಿದ ಕಲೆಗೆ ಡೀಸೆಲ್ ಕೂಡದು, ಅಡುಗೆ ಎಣ್ಣೆ ಮತ್ತು ಸೋಪು. ಇಷ್ಟೆಲ್ಲ ಜೋಪಾನದ ನಡುವೆಯೂ ಈಕೆಗೆ ಒಣಕೆಮ್ಮು ಅಂಟಿದೆ. ಕೇಳಿದರೆ, “ಕೈಗವಸು ಕೊಡ್ಸೋಕೇ ಆರು ವರ್ಷ ಜಗಳ ಆಡಿದೀನಿ, ಮಾಸ್ಕಿಗೆ ಈಗ ಶುರು ಮಾಡಿದೀನಿ,” ಎಂದು ನಗುತ್ತಾರೆ.

ಈಗ ನಗುವಿಲ್ಲ. ಮೇಸ್ತ್ರಿ ಗಡಿಯಾರ ನೋಡುತ್ತಾನೆ. ಯಾರೂ ಕದಲುವುದಿಲ್ಲ. ಕೊನೆಗೆ ರೋಲರ್ ಓಡಿಸುವವನು ಕೆಳಗಿಳಿದು ಬಂದು ಡ್ರಮ್ಮಿಗೆ ಹೆಗಲು ಕೊಡುತ್ತಾನೆ. ಅವನ ಹಿಂದೆ ಇನ್ನೂ ಮೂವರು. ಮುಚ್ಚಳ ಸಡಿಲಿಸಿ, ನಿಧಾನಕ್ಕೆ ಬಗ್ಗಿಸುತ್ತಾರೆ.

ನೀರು ದಬದಬನೆ ಸುರಿದು ಮೇಸ್ತ್ರಿಯ ಬೂಟು ನೆನೆಸುತ್ತದೆ. ಒಂದು ಬಕೆಟ್‌ಗೆ ಕಡಿಮೆಯಿಲ್ಲ. ಬಾಯ್ಲರಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿದ್ದ ನಾನು ಇನ್ನೂ ಹತ್ತು ಹೆಜ್ಜೆ ಹಿಂದೆ ಸರಿಯುತ್ತೇನೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

“ಉಳಿದವನ್ನೂ ಬಗ್ಗಿಸ್ರೋ,” ಎನ್ನುತ್ತಾನೆ ಮೇಸ್ತ್ರಿ, ಎತ್ತಲೋ ನೋಡುತ್ತಾ. ನಾಳೆಯ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ತಡಿಯಕ್ಕನೇ ಅವನ ಬಳಿ ಹೋಗುತ್ತಾರೆ.

“ಬಿಡಿಸೋದಾದ್ರೆ ಬಿಡ್ಸಿ ಮೇಸ್ತ್ರಿ. ಒಂದಿನ ಮುಂಚೆ ಹೇಳಿ, ಸಾಕು. ನನ್ನ ಜಾಗಕ್ಕೆ ಬರೋರಿಗೆ ಬಗ್ಗಿಸಿ ನೋಡೋದು ಕಲಿಸಿ ಹೋಗ್ತೀನಿ.”